ಹಳೇ ಸಿಟಿ ವಿಟೆಕ್, ಮಳೆಗಾಲದ ಮಿಸ್ಸಿಂಗ್, ಪ್ಲಗ್ ವೈರ್ ಯಾವುದು ಹಾಕುದು?

ಪ್ರಶ್ನೆ: ನಮಸ್ಕಾರ ಸರ್, ನಾನು ಉಡುಪಿಯವ. ನನ್ನತ್ರ 2002ರ ಹೋಂಡಾ ಸಿಟಿ 1.5 ವಿಟೆಕ್ ಉಂಟು, ಮಾವನಿಂದ ಬಂದದ್ದು, ಕೊಡ್ಲಿಕ್ಕೆ ಮನಸ್ಸಿಲ್ಲ. ಮಳೆ ಶುರುವಾದ ಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಒಂದು ಹತ್ತು ನಿಮಿಷ ಮೂರೇ ಸಿಲಿಂಡರಲ್ಲಿ ಓಡಿದ ಹಾಗೆ ಮಿಸ್ಸಿಂಗ್ ಆಗ್ತದೆ, ಬಿಸಿ ಆದ ಮೇಲೆ ಐಡ್ಲಿಂಗ್ ಸರಿ ಆಗ್ತದೆ, ಆದ್ರೆ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುವಾಗ ಮೂರನೇ ಗೇರಲ್ಲಿ ಒತ್ತಿದ್ರೆ ಜರ್ಕ್ ಹೊಡೀತದೆ. ಒಬ್ರು ಇಂಜೆಕ್ಟರ್ ಕ್ಲೀನ್ ಮಾಡಿಸಿ ಅಂದ್ರು, ಮಾಡ್ಸಿದೆ, ಏನೂ ವ್ಯತ್ಯಾಸ ಇಲ್ಲ. ಇನ್ನೊಬ್ರು ಸ್ಪಾರ್ಕ್ ಪ್ಲಗ್ಗಿಗೆ ಕರೆಂಟ್ ಒಯ್ಯುವ ಪ್ಲಗ್ ವೈರ್ ಹೋಗಿದೆ ಅಂತಾರೆ. ಫ್ರೆಂಡ್ ಒಬ್ಬ ಕೆಂಪು ಬಣ್ಣದ 10 ಎಂಎಂ ಪರ್ಫಾರ್ಮೆನ್ಸ್ ವೈರ್ ಹಾಕು, ಪಿಕಪ್ ಜಾಸ್ತಿ ಆಗ್ತದೆ ಅಂತಾನೆ. ಯಾವುದು ತೆಗೊಳ್ಳುದು, ನಾನೇ ಮನೆಯಲ್ಲಿ ಹಾಕ್ಬಹುದಾ?

ಉತ್ತರ: ಮೊದಲಿಗೆ ಗಾಡಿ ಕೊಡ್ಲಿಕ್ಕೆ ಮನಸ್ಸಿಲ್ಲ ಅಂದ್ರಲ್ಲ, ಬಹಳ ಖುಷಿ ಆಯ್ತು. 1493 ಸಿಸಿಯಲ್ಲಿ 106 ಕುದುರೆ ಶಕ್ತಿ, ಅದೂ ಅಷ್ಟು ಹಗುರ ಗಾಡಿಗೆ, 2000ನೇ ಇಸವಿಯಲ್ಲಿ ಅದು ನಮ್ಮ ರಸ್ತೆಗೆ ಬಂದಾಗ ಅದರ ಎದುರು ನಿಲ್ಲುವ ಸೆಡಾನ್ ಬಹಳ ಕಮ್ಮಿ ಇತ್ತು. ಇವತ್ತಿಗೂ ಸರಿಯಾಗಿಟ್ಟ ಒಂದು ವಿಟೆಕ್ ಸಿಕ್ಕಿದ್ರೆ ಓಡಿಸುವ ಸುಖವೇ ಬೇರೆ. ಹಾಗಾಗಿ ಸರಿ ಮಾಡುವ, ಆದ್ರೆ ವೈರ್ ಸೆಟ್ ಆರ್ಡರ್ ಮಾಡುವ ಮೊದಲು ಸ್ವಲ್ಪ ನೋಡ್ಲಿಕ್ಕೆ ಉಂಟು.

ನೀವು ಬರೆದ ಲಕ್ಷಣ ಓದಿದ್ರೆ ಇದು ಪೆಟ್ರೋಲ್ ಕಡೆಯ ತೊಂದರೆಗಿಂತ ಕರೆಂಟ್ ಕಡೆಯ ತೊಂದರೆ ಅಂತಲೇ ಕಾಣ್ತದೆ. ಎಂತಕ್ಕೆ ಅಂದ್ರೆ, ಪ್ಲಗ್‌ನ ಗ್ಯಾಪ್, ಅಂದ್ರೆ ಅದರ ತುದಿಯ ಸಣ್ಣ ಅಂತರ, ಕಿಡಿ ಹಾರ್ಲಿಕ್ಕೆ ಎಷ್ಟು ವೋಲ್ಟೇಜ್ ಬೇಕು ಅನ್ನುದು ಯಾವಾಗ್ಲೂ ಒಂದೇ ಇರುದಿಲ್ಲ, ಸಿಲಿಂಡರ್ ಒಳಗೆ ಒತ್ತಡ ಜಾಸ್ತಿ ಆದ ಹಾಗೆ ಅದೂ ಜಾಸ್ತಿ ಆಗ್ತದೆ. ಐಡ್ಲಿಂಗಲ್ಲಿ ಥ್ರಾಟಲ್ ಮುಚ್ಚಿರ್ತದೆ, ಒಳಗೆ ಗಾಳಿ ಕಮ್ಮಿ, ಒತ್ತಡ ಕಮ್ಮಿ, ಕಮ್ಮಿ ವೋಲ್ಟೇಜಲ್ಲೇ ಕಿಡಿ ಹಾರ್ತದೆ. ಘಾಟಿಯಲ್ಲಿ ಆರ್‌ಪಿಎಂ ಕಮ್ಮಿ, ಕಾಲು ಪೂರ್ತಿ ಒತ್ತಿದ್ದೀರಿ, ಸಿಲಿಂಡರ್ ತುಂಬ ಗಾಳಿ, ಆಗ ಅದೇ ಗ್ಯಾಪಿಗೆ ಎಷ್ಟೋ ಸಾವಿರ ವೋಲ್ಟ್ ಜಾಸ್ತಿ ಬೇಕು. ಬ್ಯಾಟರಿ ಕರೆಂಟನ್ನು ಹೈ ವೋಲ್ಟೇಜ್ ಮಾಡುವ ಕಾಯಿಲ್ ವೋಲ್ಟೇಜ್ ಏರಿಸ್ತಾ ಹೋಗ್ತದೆ, ಎಲ್ಲಿ ಮೊದಲು ದಾರಿ ಸಿಗ್ತದೋ ಅಲ್ಲಿ ಹಾರ್ತದೆ. ಪ್ಲಗ್‌ನ ಗ್ಯಾಪಿಗಿಂತ ವೈರಿನ ಇನ್ಸುಲೇಷನ್ ದುರ್ಬಲ ಆಗಿದ್ರೆ ಕಿಡಿ ಸಿಲಿಂಡರ್ ಒಳಗೆ ಬೀಳುದಿಲ್ಲ, ವೈರಿನ ತುದಿಗಿರುವ ರಬ್ಬರ್ ಬೂಟಿನ ಬಿರುಕಿಂದ ಹೊರಗೆ ಎಂಜಿನ್ ಮೇಲ್ಭಾಗದ ಲೋಹದ ಹೆಡ್‌ಗೆ ಹಾರಿ ಹೋಗ್ತದೆ. ಅದೇ ನಿಮ್ಮ ಜರ್ಕ್. ತೋಟಕ್ಕೆ ನೀರು ಬಿಡುವ ಹಳೇ ಪೈಪ್ ನೋಡಿದ್ದೀರಲ್ಲ, ನಳ್ಳಿ ಸಣ್ಣಕ್ಕೆ ಬಿಟ್ಟಾಗ ಸರಿ ಇರ್ತದೆ, ಪೂರ್ತಿ ಬಿಟ್ಟ ಕೂಡ್ಲೆ ಮಧ್ಯದ ತೂತಿಂದ ಚಿಮ್ಮುದು, ಹಾಗೆಯೇ.

ಬೆಳಗ್ಗಿನ ಹತ್ತು ನಿಮಿಷದ ಕಥೆ ಸ್ವಲ್ಪ ಬೇರೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನಿಂದ ಸೆಪ್ಟೆಂಬರ್ ಒಳಗೆ, ಅದರ ಮೇಲೆ ಸಮುದ್ರದ ಉಪ್ಪು ಗಾಳಿ. ರಾತ್ರಿ ಗಾಡಿ ತಣ್ಣಗಾಗುವಾಗ ನಾಲ್ಕು ಪ್ಲಗ್ಗಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ, ಅಂದ್ರೆ ಕ್ಯಾಪ್‌ನ ಒಳಗೂ ಹೊರಗೂ ವೈರಿನ ಮೇಲೂ ತೆಳ್ಳಗೆ ನೀರು ಕೂತ್ಕೊಳ್ತದೆ, ಬರೀ ನೀರಾದ್ರೆ ಅಷ್ಟು ತೊಂದರೆ ಇಲ್ಲ, ಅಲ್ಲಿ ಮೊದಲೇ ಕೂತ ಉಪ್ಪು, ಧೂಳು, ಎಣ್ಣೆ ಜಿಡ್ಡು ಸೇರಿದ್ರೆ ಅದು ಕರೆಂಟಿಗೆ ಒಳ್ಳೇ ದಾರಿ. ಎಂಜಿನ್ ಬಿಸಿ ಆಗಿ ಆ ಚಂಡಿ ಒಣಗಿದ ಮೇಲೆ ಸರಿ ಆಗ್ತದೆ. ಹಾಗಾಗಿ ನಿಮ್ಮ ಗಾಡಿಯಲ್ಲಿ ಎರಡೂ ಇರ್ಬಹುದು, ವೈರ್ ಹಳತಾಗಿದೆ ಮತ್ತೆ ಕ್ಯಾಪ್ ಗಲೀಜಾಗಿದೆ. ವೈರ್ ಮಾತ್ರ ಹೊಸತು ಹಾಕಿ ಕ್ಯಾಪ್ ಹಳತೇ ಬಿಟ್ರೆ ಅರ್ಧ ಸರಿ ಆಗಿ ಅರ್ಧ ಉಳೀತದೆ, ಆಮೇಲೆ ಹೊಸ ವೈರಿನ ಮೇಲೆಯೇ ಅನುಮಾನ ಬರ್ತದೆ.

ಈಗ ಪರೀಕ್ಷೆ. ಒಂದು ಮಲ್ಟಿಮೀಟರ್ ಬೇಕು, ಸಾಧಾರಣದ್ದು ಸಾಕು. ಎಂಜಿನ್ ತಣ್ಣಗಿರುವಾಗ ಒಂದೊಂದೇ ವೈರ್ ತೆಗೆದು ಎರಡು ತುದಿಯ ಲೋಹಕ್ಕೆ ಮೀಟರ್ ಹಿಡಿದು ನೋಡಿ. ಹೋಂಡಾದ ಲೆಕ್ಕದಲ್ಲಿ 20 ಡಿಗ್ರಿ ಉಷ್ಣತೆಗೆ ಪ್ರತಿ ವೈರ್ 25 ಕಿಲೋ ಓಮ್ ಒಳಗೆ ಇರ್ಬೇಕು. ಉದ್ದದ ವೈರಿಗೆ ರೀಡಿಂಗ್ ಜಾಸ್ತಿ, ಗಿಡ್ಡದ್ದಕ್ಕೆ ಕಮ್ಮಿ, ಅದು ಸಹಜ. ರೀಡಿಂಗ್ ನೋಡುವಾಗಲೇ ವೈರನ್ನು ಮೆಲ್ಲ ಬಗ್ಗಿಸಿ, ಬೂಟ್ ಹತ್ರ ಸ್ವಲ್ಪ ಅಲ್ಲಾಡಿಸಿ, ಅಂಕೆ ಹಾರಿದ್ರೆ ಅಥವಾ ಓಪನ್ ತೋರಿಸಿದ್ರೆ ಒಳಗಿನ ಕಾರ್ಬನ್ ಎಳೆ ತುಂಡಾಗಿದೆ ಅಂತ ಅರ್ಥ, ಆ ಸೆಟ್ ಮುಗೀತು.

ಆದ್ರೆ ಇಲ್ಲೇ ತುಂಬ ಜನ ಮೋಸ ಹೋಗುದು, ನಾಲ್ಕೂ ವೈರ್ 25ರ ಒಳಗೆ ಬಂತು, ಹಾಗಾದ್ರೆ ವೈರ್ ಸಮ ಉಂಟು ಅಂತ ತೀರ್ಮಾನ ಮಾಡ್ತಾರೆ. ಮೀಟರ್ ಕೊಡುದು ಬ್ಯಾಟರಿಯ ಕೆಲವೇ ವೋಲ್ಟ್, ವೈರ್ ಕೆಲಸ ಮಾಡುದು ಹತ್ತು ಇಪ್ಪತ್ತು ಸಾವಿರ ವೋಲ್ಟಲ್ಲಿ. ಎಳೆ ತುಂಡಾಗಿದೆಯಾ ಅಂತ ಮೀಟರ್ ಹೇಳ್ತದೆ, ಇನ್ಸುಲೇಷನ್ ಸೀಳಿದೆಯಾ ಅಂತ ಅದಕ್ಕೆ ಗೊತ್ತಾಗುದಿಲ್ಲ. ಅದಕ್ಕೆ ಕತ್ತಲೆ ಪರೀಕ್ಷೆಯೇ ಬೇಕು. ರಾತ್ರಿ ಅಂಗಳದ ಲೈಟ್ ಎಲ್ಲ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲಲ್ಲಿ ಸ್ಟಾರ್ಟ್ ಮಾಡಿ ಬಾನೆಟ್ ತೆಗೆದು ನೋಡಿ. ಆಮೇಲೆ ಗಿಡಕ್ಕೆ ನೀರು ಹೊಡೆಯುವ ಸ್ಪ್ರೇ ಬಾಟ್ಲಿಯಿಂದ ಸಾದಾ ನೀರನ್ನು ವೈರಿನ ಮೇಲೆ ಮಂಜಿನ ಹಾಗೆ ಬಿಡಿ, ಸುರೀಬೇಡಿ. ಇನ್ಸುಲೇಷನ್ ಹೋಗಿದ್ರೆ ನೀಲಿ ಕಿಡಿ ಮಿಣ ಮಿಣ ಕಾಣ್ತದೆ, ಟಿಕ್ ಟಿಕ್ ಅಂತ ಕೇಳ್ತದೆ, ಎಂಜಿನ್ ಮಿಸ್ಸಿಂಗ್ ಹೊಡೀಲಿಕ್ಕೆ ಶುರು ಮಾಡ್ತದೆ. ಸರಿ ಇರುವ ಸೆಟ್ಟಲ್ಲಿ ಏನೂ ಕಾಣ್ಲಿಕ್ಕಿಲ್ಲ.

ಈ ಪರೀಕ್ಷೆ ಮಾಡುವಾಗ ಜಾಗ್ರತೆ ಮುಖ್ಯ. ಮೊದಲೇ ಪೆಟ್ರೋಲ್ ವಾಸನೆ ಏನಾದ್ರೂ ಬರ್ತದಾ ನೋಡಿ, ಬಂದ್ರೆ ಸ್ಟಾರ್ಟೇ ಮಾಡ್ಬೇಡಿ. ಓಡುವ ಎಂಜಿನ್‌ನ ವೈರ್ ಕೈಯಲ್ಲಿ ಮುಟ್ಟುದು ಬೇಡವೇ ಬೇಡ. ಮುಂಡು, ಲುಂಗಿ, ಶಾಲು ಹಾಕಿಕೊಂಡು ಬೆಲ್ಟ್ ಹತ್ರ ಬಗ್ಗಬೇಡಿ. ಮನೆಯಲ್ಲಿ ಹೃದಯಕ್ಕೆ ಪೇಸ್‌ಮೇಕರ್ ಹಾಕಿದವರು ಇದ್ರೆ ಅವ್ರು ದೂರ ಇರ್ಲಿ. ಮತ್ತೆ ಕೆಲವರು ಓಡುವ ಎಂಜಿನ್‌ನಲ್ಲಿ ಒಂದೊಂದೇ ವೈರ್ ಎಳೆದು ಯಾವ ಸಿಲಿಂಡರ್ ಕೆಲಸ ಮಾಡುದಿಲ್ಲ ಅಂತ ನೋಡ್ತಾರಲ್ಲ, ಅದನ್ನು ದಯವಿಟ್ಟು ಈ ಗಾಡಿಗೆ ಮಾಡಿಸ್ಬೇಡಿ. ಕಿಡಿಗೆ ದಾರಿ ಸಿಗದಿದ್ರೆ ಡಿಸ್ಟ್ರಿಬ್ಯೂಟರ್ ಒಳಗಿನ ಇಗ್ನೈಟರ್ (ಕಾಯಿಲಿನ ಕರೆಂಟ್ ಕೊಟ್ಟು ಕಡಿಯುವ ಸ್ವಿಚ್) ಮತ್ತು ಕಾಯಿಲ್ ಮೇಲೆ ಹೊಡೆತ ಬೀಳ್ತದೆ, ಉರಿಯದ ಪೆಟ್ರೋಲ್ ಸೀದಾ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡ್ತದೆ. ಅದೇ ಕಾರಣಕ್ಕೆ ಮಿಸ್ಸಿಂಗ್ ಇಟ್ಟುಕೊಂಡು ತಿಂಗಳುಗಟ್ಟಲೆ ಓಡಿಸುದೂ ಒಳ್ಳೇದಲ್ಲ.

ವೈರ್ ತೆಗೆದಾಗ ಬೂಟಿನ ತುದಿ ನೋಡಿ. ಎಣ್ಣೆ ಉಂಟಾ? ಈ ಡಿ ಸೀರೀಸ್ ಎಂಜಿನ್‌ನಲ್ಲಿ ಪ್ಲಗ್ ಕೂತಿರುದು ಎಂಜಿನ್ ಮೇಲಿನ ಮುಚ್ಚಳ, ಅಂದ್ರೆ ಟ್ಯಾಪೆಟ್ ಕವರಿನ ಒಳಗಿಂದ ಇಳಿಯುವ ಕೊಳವೆಯ ತಳದಲ್ಲಿ, ಆ ಕೊಳವೆಯ ಮೇಲ್ತುದಿಗೆ ಒಂದೊಂದು ರಬ್ಬರ್ ಸೀಲ್ ಉಂಟು. ಇಷ್ಟು ವರ್ಷದ ಗಾಡಿಯಲ್ಲಿ ಆ ಸೀಲ್ ಕಲ್ಲಿನ ಹಾಗೆ ಗಟ್ಟಿಯಾಗಿ ಎಂಜಿನ್ ಆಯಿಲ್ ಮೆಲ್ಲ ಪ್ಲಗ್ ಬುಡಕ್ಕೆ ಇಳೀತದೆ. ಆಯಿಲಲ್ಲಿ ನೆನೆದ ಬೂಟ್ ಉಬ್ಬಿ ಮೆತ್ತಗಾಗಿ ಕೊನೆಗೆ ಸೀಳ್ತದೆ. ಸೀಲ್ ಬದಲಿಸದೆ ಹೊಸ ವೈರ್ ಹಾಕಿದ್ರೆ ಹೊಸ ಬೂಟಿಗೂ ಅದೇ ಗತಿ. ಸೀಲ್ ಮತ್ತೆ ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ದೊಡ್ಡ ಖರ್ಚಲ್ಲ, ವೈರ್ ತೆಗೆದಾಗಲೇ ಮಾಡಿಸಿಬಿಡಿ, ಕವರಿನ ನಟ್ ಮಾತ್ರ ಬಲ ಹಾಕಿ ಬಿಗಿಯಬೇಡಿ. ಡಿಸ್ಟ್ರಿಬ್ಯೂಟರ್ ಹೆಡ್‌ಗೆ ಕೂರುವ ಜಾಗದಲ್ಲೂ ಒಂದು ಓ ರಿಂಗ್ ಉಂಟು, ಅದರ ಕೆಳಗೆ ಗೇರ್‌ಬಾಕ್ಸ್ ಮೇಲೆ ಎಣ್ಣೆ ಇಳಿದ ಗುರುತು ಕಂಡ್ರೆ ಅದೂ ಹೋಗಿದೆ. ಅದನ್ನು ಬದಲಿಸ್ಲಿಕ್ಕೆ ಡಿಸ್ಟ್ರಿಬ್ಯೂಟರೇ ಹೊರಗೆ ಬರ್ಬೇಕು, ಮತ್ತೆ ಇಗ್ನಿಷನ್ ಟೈಮಿಂಗ್ ಲೈಟ್ ಹಿಡಿದು ಸೆಟ್ ಮಾಡ್ಬೇಕು, ಅದು ಗ್ಯಾರೇಜಿನವರ ಕೆಲಸ, ಮನೆಯಲ್ಲಿ ಆ ಬೋಲ್ಟ್ ಮುಟ್ಟಬೇಡಿ.

ಕ್ಯಾಪ್ ತೆಗೀಲಿಕ್ಕೆ ಮಾತ್ರ ಕಷ್ಟ ಇಲ್ಲ. ತೆಗೆದು ಒಳಗೆ ಬೆಳಕು ಹಿಡಿದು ನೋಡಿ, ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕೂತಿದ್ರೆ ಉಪ್ಪು ಗಾಳಿಯ ಪ್ರಸಾದ. ಎರಡು ಟರ್ಮಿನಲ್ ಮಧ್ಯೆ ಪೆನ್ಸಿಲಲ್ಲಿ ಗೀಚಿದ ಹಾಗೆ ಕಪ್ಪು ಗೆರೆ ಕಂಡ್ರೆ ಅದು ಕಿಡಿ ಓಡಾಡಿ ಸುಟ್ಟ ದಾರಿ, ಎಷ್ಟು ಒರೆಸಿದ್ರೂ ಕರೆಂಟ್ ಮತ್ತೆ ಅದೇ ದಾರಿ ಹಿಡೀತದೆ. ಮಧ್ಯದ ಕಾರ್ಬನ್ ಬಟನ್ ಸ್ಪ್ರಿಂಗಲ್ಲಿ ಸರಿಯಾಗಿ ಒಳಗೆ ಹೊರಗೆ ಆಗ್ತದಾ ಅಂತ ಬೆರಳಲ್ಲಿ ಒತ್ತಿ ನೋಡಿ. ಮರಳು ಕಾಗದ ಹಾಕಿ ಉಜ್ಜಿ ಅದೇ ಕ್ಯಾಪನ್ನು ಕೂರಿಸುವ ಅಭ್ಯಾಸ ನಮ್ಮಲ್ಲಿ ಉಂಟು, ನನಗದು ಸರಿ ಕಾಣುದಿಲ್ಲ, ಉಜ್ಜಿದಷ್ಟು ಕ್ಯಾಪ್ ಒಳಗೆ ತಿರುಗುವ ರೋಟರಿಗೂ ಟರ್ಮಿನಲಿಗೂ ನಡುವಿನ ಅಂತರ ಜಾಸ್ತಿ ಆಗ್ತದೆ, ಆ ಅಂತರ ಹಾರ್ಲಿಕ್ಕೂ ವೋಲ್ಟೇಜ್ ಬೇಕಲ್ಲ. ಕ್ಯಾಪ್ ಮತ್ತು ರೋಟರ್ ಜೋಡಿಯಾಗಿ ಹೊಸತು ಹಾಕಿ.

ಇನ್ನು ಕೆಂಪು 10 ಎಂಎಂ ವೈರಿನ ವಿಷಯ. ನಿಮ್ಮ ಫ್ರೆಂಡಿಗೆ ಬೇಜಾರಾಗ್ಬಹುದು, ಆದ್ರೆ ವೈರ್ ದಪ್ಪ ಮಾಡಿದ್ರೆ ಎಂಜಿನ್‌ಗೆ ಶಕ್ತಿ ಬರುದಿಲ್ಲ. ವೈರಿನ ದಪ್ಪದಲ್ಲಿ ಹೆಚ್ಚಿನದ್ದು ಇನ್ಸುಲೇಷನ್ನೇ. ಕಿಡಿ ಹಾರುವ ವೋಲ್ಟೇಜನ್ನು ತೀರ್ಮಾನ ಮಾಡುದು ಪ್ಲಗ್‌ನ ಗ್ಯಾಪ್ ಮತ್ತೆ ಸಿಲಿಂಡರಿನ ಒತ್ತಡ, ಅದರ ಮೇಲೆ ರೆಸಿಸ್ಟರ್ ಪ್ಲಗ್ ಒಳಗೇ ಸುಮಾರು 5 ಕಿಲೋ ಓಮ್ ರೆಸಿಸ್ಟೆನ್ಸ್ ಕೂತಿರ್ತದೆ, ಹಾಗಿರುವಾಗ ವೈರಲ್ಲಿ ನಾಲ್ಕೈದು ಕಿಲೋ ಓಮ್ ಉಳಿಸಿ ಎಂತ ಲಾಭ? ಮಿಶ್ರಣಕ್ಕೆ ಸರಿಯಾಗಿ ಬೆಂಕಿ ಹತ್ತಿದ್ರೆ ಹತ್ತಿತು, ಅದಕ್ಕಿಂತ ಜಾಸ್ತಿ ಹತ್ತಿಸ್ಲಿಕ್ಕೆ ಆಗುದಿಲ್ಲ. ಹೊಸ ವೈರ್ ಹಾಕಿ ಪಿಕಪ್ ಜಾಸ್ತಿ ಆಯ್ತು ಅಂತ ಹೇಳುವವರು ಸುಳ್ಳು ಹೇಳುದಲ್ಲ, ಅವರ ಹಳೇ ವೈರ್ ಕಳ್ಕೊಂಡಿದ್ದ ಶಕ್ತಿ ವಾಪಸ್ ಬಂತು, ಒಳ್ಳೇ ಕಂಪೆನಿ ವೈರ್ ಹಾಕಿದ್ರೂ ಅಷ್ಟೇ ಬರ್ತಿತ್ತು.

ರೆಸಿಸ್ಟೆನ್ಸೇ ಇಲ್ಲದ ಬರೀ ತಾಮ್ರದ ರೇಸಿಂಗ್ ವೈರ್ ಅಂತೂ ಈ ಗಾಡಿಗೆ ಬೇಡ. ವೈರಲ್ಲಿ ಕಾರ್ಬನ್ ಎಳೆ ಇಟ್ಟದ್ದೇ ಕಿಡಿಯಿಂದ ಏಳುವ ರೇಡಿಯೋ ಗದ್ದಲವನ್ನು ಅದುಮ್ಲಿಕ್ಕೆ. ಅದಿಲ್ಲದಿದ್ರೆ ಕಾರಿನ ರೇಡಿಯೋದಲ್ಲಿ ಆಕಾಶವಾಣಿ ಹಾಕಿದ್ರೆ ಆಕ್ಸಿಲರೇಟರ್ ಜೊತೆಗೇ ಟಿರ್ರ್ ಅಂತ ಶಬ್ದ, ಅದು ಹೋಗ್ಲಿ ಅಂದ್ರೂ ಇದು ಇಸಿಯು, ಅಂದ್ರೆ ಎಂಜಿನ್ ಕಂಪ್ಯೂಟರ್, ನಂಬಿ ಓಡುವ ಇಂಜೆಕ್ಷನ್ ಗಾಡಿ, ಸೆನ್ಸರ್ ಸಿಗ್ನಲಲ್ಲಿ ಆ ಗದ್ದಲ ಸೇರಿದ್ರೆ ಹುಡುಕಿ ಹುಡುಕಿ ಸಿಗದ ತೊಂದರೆ ಶುರು ಆಗ್ತದೆ. ಬೂಟಿನ ಒಳಗೆ ರೆಸಿಸ್ಟರ್ ಇರುವ ತಾಮ್ರದ ಸೆಟ್, ಅಥವಾ ಸಪ್ರೆಷನ್‌ಗೆ ಅಂತಲೇ ಸುರುಳಿ ಸುತ್ತಿದ ಎಳೆಯ ವೈರ್ ಆದ್ರೆ ತೊಂದರೆ ಇಲ್ಲ, ಅವು ಒಳ್ಳೇದೇ.

ನನ್ನ ಅಭಿಪ್ರಾಯ ಕೇಳಿದ್ರೆ ಒರಿಜಿನಲ್ ಅಳತೆಯ, ಸಿಲಿಕಾನ್ ಹೊದಿಕೆಯ 7 ಅಥವಾ 8 ಎಂಎಂ ಸೆಟ್, ನಾಲ್ಕೂ ಒಟ್ಟಿಗೆ. ಒಂದು ಹಾಳಾಗಿದೆ ಅಂತ ಒಂದೇ ಬದಲಿಸ್ಬೇಡಿ, ನಾಲ್ಕೂ ಒಂದೇ ಬಿಸಿ, ಒಂದೇ ಓಜೋನ್ ತಿಂದಿವೆ. ಹೈ ವೋಲ್ಟೇಜ್ ಸುತ್ತ ಓಜೋನ್ ಹುಟ್ಟಿ ರಬ್ಬರನ್ನು ತಿನ್ತದೆ, ಅದಕ್ಕೇ ಕಮ್ಮಿ ಓಡಿದ ಗಾಡಿಯಲ್ಲೂ ವೈರಿಗೆ ವಯಸ್ಸಾಗುದು. ಪ್ಲಗ್ ಬುಡ ಆಳದಲ್ಲಿರುದ್ರಿಂದ ಬೂಟ್ ಉದ್ದದ್ದೇ ಬೇಕು, ಮೇಲೆ ಕೊಳವೆಯನ್ನು ಮುಚ್ಚುವ ರಬ್ಬರ್ ಟೊಪ್ಪಿ ಸರಿ ಕೂರ್ಬೇಕು, ಇಲ್ಲದಿದ್ರೆ ಮಳೆ ನೀರು ಒಳಗೆ. ಕತ್ತರಿಸಿ ಹಾಕುವ ಯೂನಿವರ್ಸಲ್ ಸೆಟ್ ತೆಗೊಳ್ಬೇಡಿ, ಕೈಯಲ್ಲಿ ಕ್ರಿಂಪ್ ಮಾಡಿದ ತುದಿಯೇ ಮೊದಲು ಕೈ ಕೊಡುದು. ಅಂಗಡಿಗೆ ಹೋಗುವಾಗ ಹಳೇ ಸೆಟ್ಟನ್ನೇ ಕೈಯಲ್ಲಿ ಹಿಡ್ಕೊಂಡು ಹೋಗಿ ಉದ್ದ, ಬೂಟ್, ಕ್ಯಾಪ್ ಕಡೆಯ ತುದಿ ಮೂರನ್ನೂ ಪಕ್ಕ ಇಟ್ಟು ಹೋಲಿಸಿ. ಆನ್‌ಲೈನಲ್ಲಿ ತರಿಸುದಾದ್ರೆ ಇದು 2003ರಲ್ಲಿ ಬಂದ ಐಡಿಎಸ್‌ಐ ಸಿಟಿ ಅಲ್ಲ ಅಂತ ಸ್ಪಷ್ಟ ಮಾಡಿ, ಅದಕ್ಕೆ ಪ್ಲಗ್ ಎಂಟು, ಕಾಯಿಲ್ ಪ್ಲಗ್ ಮೇಲೆಯೇ, ಈ ವೈರೇ ಇಲ್ಲ. ಡೂಪ್ಲಿಕೇಟ್ ಮಾಲು ಬಹಳ ಉಂಟು, ಹೊಸ ಸೆಟ್ ಬಂದ ಕೂಡ್ಲೆ ಅದಕ್ಕೂ ಮೀಟರ್ ಹಿಡೀರಿ.

ಹಾಕುದು ಖಂಡಿತ ನಿಮ್ಮಿಂದ ಆಗ್ತದೆ. ಎಂಜಿನ್ ಪೂರ್ತಿ ತಣ್ಣಗಿರ್ಲಿ, ಹೆಡ್ ಅಲ್ಯೂಮಿನಿಯಂ, ಬಿಸಿ ಇರುವಾಗ ಪ್ಲಗ್ ತೆಗೆದ್ರೆ ಥ್ರೆಡ್ ಹೋಗುವ ಭಯ. ಟೈಮಿಂಗ್ ಬೆಲ್ಟ್ ಕಡೆಯದ್ದು ಒಂದನೇ ಸಿಲಿಂಡರ್, ಗೇರ್‌ಬಾಕ್ಸ್ ಕಡೆ ನಾಲ್ಕನೇದ್ದು, ಡಿಸ್ಟ್ರಿಬ್ಯೂಟರ್ ಇರುದು ನಾಲ್ಕರ ಪಕ್ಕ, ಹಾಗಾಗಿ ಒಂದರ ವೈರ್ ಎಲ್ಲಕ್ಕಿಂತ ಉದ್ದ, ನಾಲ್ಕರದ್ದು ಗಿಡ್ಡ. ಫೈರಿಂಗ್ ಆರ್ಡರ್, ಅಂದ್ರೆ ಸಿಲಿಂಡರಿಗೆ ಕಿಡಿ ಬೀಳುವ ಸರದಿ, 1-3-4-2. ನಾಲ್ಕನ್ನೂ ಒಟ್ಟಿಗೆ ಕಿತ್ತು ಗೊಂದಲ ಮಾಡ್ಕೊಳ್ಬೇಡಿ, ಒಂದು ತೆಗೀರಿ, ಅದರ ಹೊಸತು ಹಾಕಿ, ಆಮೇಲೆ ಮುಂದಿನದ್ದು. ಕ್ಯಾಪನ್ನೂ ಬದಲಿಸುದಾದ್ರೆ ಹಳೇ ಕ್ಯಾಪನ್ನು ಅದೇ ದಿಕ್ಕಿಗೆ ಪಕ್ಕದಲ್ಲಿಟ್ಟು ಒಂದೊಂದೇ ವೈರ್ ವರ್ಗ ಮಾಡಿ, ಮೊದಲೇ ಮೊಬೈಲಲ್ಲಿ ಒಂದು ಫೋಟೋ ತೆಗೆದಿಡಿ.

ವೈರ್ ಹಿಡಿದು ಎಳೀಬೇಡಿ, ಬೂಟ್ ಹಿಡಿದು ಸ್ವಲ್ಪ ತಿರುಗಿಸಿ, ಅಂಟು ಬಿಟ್ಟ ಮೇಲೆ ನೇರ ಮೇಲಕ್ಕೆ ಎಳೀರಿ. ಪ್ಲಗ್ ತೆಗೆಯುವ ಮೊದಲು ಆ ಕೊಳವೆಯ ಒಳಗಿನ ಧೂಳು, ಮರಳನ್ನು ಗಾಳಿ ಹೊಡೆದು ತೆಗೀರಿ, ಎಣ್ಣೆ ನಿಂತಿದ್ರೆ ಸಿರಿಂಜಿಗೆ ಸಣ್ಣ ಪೈಪ್ ಸಿಕ್ಕಿಸಿ ಹೀರಿ, ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ರೆ ಅದೆಲ್ಲ ಸಿಲಿಂಡರ್ ಒಳಗೆ ಬೀಳ್ತದೆ. ಪ್ಲಗ್ ಹೊಸತೇ ಹಾಕಿ, ಹಳೇ ಪ್ಲಗ್‌ನ ಗ್ಯಾಪ್ ತೇದು ಅಗಲ ಆದ್ರೆ ಬೇಕಾಗುವ ವೋಲ್ಟೇಜ್ ಏರ್ತದೆ, ಹೊಸ ವೈರಿನ ಮೇಲೆ ಸುಮ್ಮನೆ ಭಾರ. ಮ್ಯಾನುವಲಲ್ಲಿ ಹೇಳಿದ ಪ್ಲಗ್ಗೇ ಇರ್ಲಿ, ಗ್ಯಾಪ್ ಸುಮಾರು 1.1 ಎಂಎಂ. ಮೊದಲು ಕೈಯಲ್ಲೇ ತಿರುಗಿಸಿ ಥ್ರೆಡ್ ಹಿಡಿಸಿ, ಸ್ವಲ್ಪ ಗಟ್ಟಿ ಅನ್ನಿಸಿದ್ರೂ ವಾಪಸ್ ತೆಗೆದು ಮತ್ತೆ ಹಿಡಿಸಿ, ಇಲ್ಲಿ ಅವಸರ ಮಾಡಿದವರ ಹೆಡ್ ರಿಪೇರಿಗೆ ಹೋಗ್ತದೆ. ಟಾರ್ಕ್ ರೆಂಚ್ ಇದ್ರೆ 18 ನ್ಯೂಟನ್ ಮೀಟರ್, ಇಲ್ಲದಿದ್ರೆ ಹೊಸ ಪ್ಲಗ್ ತಳ ಮುಟ್ಟಿದ ಮೇಲೆ ಅರ್ಧ ಸುತ್ತಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಬೂಟಿನ ಒಳ ಅಂಚಿಗೆ ಡೈಎಲೆಕ್ಟ್ರಿಕ್ ಸಿಲಿಕಾನ್ ಗ್ರೀಸ್ ತೆಳ್ಳಗೆ ಹಚ್ಚಿ. ನಮ್ಮೂರಿನ ಹವೆಗೆ ಇದು ಬಹಳ ಉಪಕಾರಿ, ಚಂಡಿ ಒಳಗೆ ಬರುದಿಲ್ಲ, ಮುಂದಿನ ಸಲ ಬೂಟ್ ಅಂಟಿ ಹರಿಯುದಿಲ್ಲ. ಲೋಹದ ತುದಿಗೆ ಮೆತ್ತಬೇಡಿ, ಅದು ಕರೆಂಟ್ ಹಾಯಿಸುವ ಗ್ರೀಸ್ ಅಲ್ಲ. ಬೇರಿಂಗಿಗೆ ಹಾಕುವ ಸಾದಾ ಗ್ರೀಸ್ ಮಾತ್ರ ಯಾವ ಕಾರಣಕ್ಕೂ ಬೇಡ, ರಬ್ಬರ್ ತಿನ್ತದೆ. ಒತ್ತಿದಾಗ ಟಕ್ ಅಂತ ಕೂತದ್ದು ಕೈಗೆ ಗೊತ್ತಾಗ್ಬೇಕು. ಗೊತ್ತಾಗದಿದ್ರೆ ಕೂತಿಲ್ಲ ಅಂತಲೇ ಲೆಕ್ಕ, ಬೂಟಿನೊಳಗೆ ಗಾಳಿ ಸಿಕ್ಕಿ ಮೇಲೆ ತಳ್ತಿರ್ತದೆ, ಅಂಚನ್ನು ಸ್ವಲ್ಪ ಎತ್ತಿ ಗಾಳಿ ಬಿಟ್ಟು ಮತ್ತೆ ಒತ್ತಿ.

ವೈರ್ ಹಾಯಿಸುದರಲ್ಲಿ ಸೋಮಾರಿತನ ಬೇಡ. ಕಂಪೆನಿ ಕೊಟ್ಟ ಪ್ಲಾಸ್ಟಿಕ್ ಕ್ಲಿಪ್, ಸಪರೇಟರ್ ಎಲ್ಲ ವಾಪಸ್ ಹಾಕಿ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಡೆ ಜಾರದ ಹಾಗೆ, ಲೋಹದ ಅಂಚಿಗೆ ಉಜ್ಜದ ಹಾಗೆ. ನಾಲ್ಕನ್ನೂ ಸೇರಿಸಿ ಟೈ ಹಾಕಿ ಕಟ್ಟಿದ್ರೆ ನೋಡ್ಲಿಕ್ಕೆ ಚಂದ, ಆದ್ರೆ ಮೂರು ಮತ್ತು ನಾಲ್ಕು ಒಂದರ ಹಿಂದೆ ಒಂದು ಉರಿಯುವ ಅಕ್ಕಪಕ್ಕದ ಸಿಲಿಂಡರ್, ಅವುಗಳ ವೈರ್ ಒತ್ತಿಕೊಂಡು ಉದ್ದಕ್ಕೆ ಓಡುದು ಒಳ್ಳೇದಲ್ಲ.

ಸ್ಟಾರ್ಟ್ ಮಾಡಿ ಐಡ್ಲಿಂಗ್ ನೋಡಿ, ರಾತ್ರಿ ಮತ್ತೊಂದ್ಸಲ ಸ್ಪ್ರೇ ಬಾಟ್ಲಿ ಪರೀಕ್ಷೆ ಮಾಡಿ. ಆಮೇಲೆ ಲೋಡ್ ಕೊಟ್ಟು ನೋಡ್ಲಿಕ್ಕೆ ಆಗುಂಬೆವರೆಗೆ ಹೋಗ್ಬೇಕು ಅಂತಿಲ್ಲ, ಇಂದ್ರಾಳಿ ದಾಟಿ ಮಣಿಪಾಲ ಕಡೆ ಏರುವಾಗ ಟ್ರಾಫಿಕ್ ಇಲ್ಲದ ಹೊತ್ತಲ್ಲಿ ಮೂರನೇ ಗೇರಲ್ಲೇ ಇಟ್ಟು ಮೆಲ್ಲ ಪೂರ್ತಿ ಒತ್ತಿದ್ರೆ ಸಾಕು. ಅಲ್ಲಿ ಜರ್ಕ್ ಇಲ್ಲ, ಆದ್ರೆ ಮೇಲಿನ ಆರ್‌ಪಿಎಂನಲ್ಲಿ ಮಾತ್ರ ತಡವರಿಸ್ತದೆ ಅಂದ್ರೆ ಕಾಯಿಲ್ ಅಥವಾ ಇಗ್ನೈಟರ್ ಕಡೆ ನೋಡ್ಬೇಕು, ವೇಗ ಜಾಸ್ತಿ ಆದ ಹಾಗೆ ಕಾಯಿಲಿಗೆ ತುಂಬಿಕೊಳ್ಳುವ ಸಮಯ ಕಮ್ಮಿ ಆಗ್ತದೆ, ಬಡಕಲು ಕಾಯಿಲ್ ಅಲ್ಲೇ ಸಿಕ್ಕಿ ಬೀಳುದು. ಫ್ಯೂಯೆಲ್ ಫಿಲ್ಟರ್ ಕಟ್ಟಿದ್ರೂ ಅಲ್ಲೇ ಗೊತ್ತಾಗುದು.

ಸರ್ವಿಸಿಗೆ ಕೊಟ್ಟಾಗ ಎಂಜಿನ್ ಮೇಲೆ ಪ್ರೆಷರ್ ವಾಷ್ ಬೇಡ ಅಂತ ಮೊದಲೇ ಹೇಳಿ, ಆ ನೀರು ಪ್ಲಗ್ ಕೊಳವೆಯಲ್ಲಿ ನಿಂತ್ರೆ ಸುಲಭಕ್ಕೆ ಒಣಗುದಿಲ್ಲ. ದಾರಿಯಲ್ಲಿ ಚಂಡಿಯಾಗಿ ಗಾಡಿ ನಿಂತ್ರೆ ಡಬ್ಲ್ಯುಡಿ-40 ಹೊಡೆದು ನೀರು ಓಡಿಸಿ ಮನೆ ಮುಟ್ಬಹುದು, ಆದ್ರೆ ಅದು ವೈರಿಗೆ ಔಷಧಿ ಅಲ್ಲ. ಮತ್ತೆ ಹಳೇ ಸೆಟ್ಟಲ್ಲಿ ಒಂದನೇ ಸಿಲಿಂಡರಿನ ಉದ್ದದ ವೈರ್ ಮೀಟರಲ್ಲೂ ಕತ್ತಲೆ ಪರೀಕ್ಷೆಯಲ್ಲೂ ಪಾಸಾಗಿದ್ರೆ ಬಿಸಾಡ್ಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟುಬಿಡಿ, ಅದು ನಾಲ್ಕರಲ್ಲಿ ಯಾವ ಸಿಲಿಂಡರಿಗೂ ಎಟಕ್ತದೆ. ಮೀಟರ್ ರೀಡಿಂಗ್ ನಾಲ್ಕೂ ಬರೆದು ಕಳಿಸಿ, ಕ್ಯಾಪ್ ಒಳಗಿನ ಫೋಟೋ ಇದ್ರೆ ಅದನ್ನೂ, ನೋಡಿ ಹೇಳ್ತೇನೆ.